ಎಡಗಿವಿಯ ಅತ್ತರು

ನನ್ನ ಗಂಡನ ಎಡಗಿವಿ ಚಿಕ್ಕಂದಿನಿಂದ ಸೋರುತ್ತಿತ್ತು. ಕೀವಿನ ನಾತ ಜನಕ್ಕೆ ಬಡಿಯಬಾರದೆಂದು ಆತ ಅತ್ತರಿನ ಹತ್ತಿಯನ್ನು ಆ ಕಿವಿಗೆ ತುರುಕಿಕೊಂಡು ಮೂಡಲಗಿ ಸಂತೆಗೆ ಹೋಗುತ್ತಿದ್ದ. ಮಂದಿ ಶೋಕಿ ಮನುಷ್ಯ ಎಂದು ಹೊಗಳುತ್ತಿದ್ದರು. ತಲೆದಿಂಬಿನ ಕಲೆ ತೊಳೆಯುವ ನನಗೆ ಆ ಶೋಕಿ ಎಂಥದೆಂದು ಗೊತ್ತಿತ್ತು.

ಹೋದ ವರ್ಷ ಕೀವು ಒಮ್ಮೆಲೇ ನಿಂತಿತು.

"ನೋಡಿದೇನ? ದವಾಖಾನಿ ಇಲ್ದ ಆರಾಮಾತು" ಎಂದು ಮೀಸೆ ತಿರುವಿದ.

ಎಂಟು ದಿನದಲ್ಲಿ ತಲೆನೋವು ಹಿಡಿಯಿತು. ಜ್ವರ ಬಂತು. ಬೆಳಿಗ್ಗೆ ಎದ್ದರೆ ವಾಂತಿ. ಊರಲ್ಲಿ ಸೂಜಿ ಚುಚ್ಚುವ ಮಹಾಶಯ ಪಿತ್ತ ಎಂದ. ಒಂದು ಮಧ್ಯಾಹ್ನ ಊಟಕ್ಕೆ ಕುಳಿತವನು ರೊಟ್ಟಿ ತೋರಿಸಿ "ಅದು... ಆ ಬೀಗ ಕೊಡು" ಎಂದ. ಹುಕ್ಕೇರಿಯಿಂದ ಬಂದಿದ್ದ ನಾದಿನಿ ನಕ್ಕಳು.

"ಅಣ್ಣಗ ಅರಳು ಮರಳು ವೈನಿ, ವಯಸ್ಸಾತಲ್ಲ."

"ನಿನ್ನೆ ತನಕ ಓಣಿ ಮಂದೀನ ಹೆಸರು ಹಿಡದು ಬೈತಿದ್ರು. ಒಂದ ದಿನದಾಗ ಮುಪ್ಪು ಬರತೈತೇನವಾ?"

ಕೌಜಲಗಿಯಲ್ಲಿ ಗಾಳಿ ಬಿಡಿಸುವವರಿದ್ದಾರೆ, ಮೊದಲು ಅಲ್ಲಿಗೇ ಹೋಗೋಣ ಎಂದು ಆಕೆಯ ಹಟ.

"ನೀ ಹೋಗಿ ಬಿಡಿಸ್ಕೊಂಡ ಬಾ" ಎಂದು ನಾನು ಗೋಕಾಕಿಗೆ ಗಾಡಿ ತರಿಸಿದೆ. ದಾರಿಯಲ್ಲಿ ಆತನಿಗೆ ಫಿಟ್ಸ್ ಬಂತು. ಜೊತೆಗೆ ಬಂದಿದ್ದ ನಾದಿನಿ ಗಾಳಿಯ ಮಾತು ಬಿಟ್ಟು ಅಣ್ಣನ ತಲೆ ಹಿಡಿದು ಕುಳಿತಳು.

ಗೋಕಾಕಿನಲ್ಲಿ ತಲೆಯ ಸ್ಕ್ಯಾನ್ ತೆಗೆದು ಬೆಳಗಾವಿಗೆ ಕಳಿಸಿದರು. ಅಲ್ಲಿನ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು.

"ಕಿವಿಯೊಳಗಿನ ಕೀವು ಎಲುಬು ತಿಂದು ಮೆದುಳಿಗೆ ಏರೇತಿರಿ ಅಮ್ಮಾ. ಅಲ್ಲೇ ಗಡ್ಡಿ ಕಟ್ಟೇತಿ. ಒಡದ್ರ ಜೀವ ಉಳಿಯೂದು ಕಷ್ಟ."

ಅಂದೇ ತಲೆಬುರುಡೆಗೆ ತೂತು ಕೊರೆದು ಕೀವು ಎಳೆದರು. ಆಮೇಲೆ ಆರು ವಾರ ಸೂಜಿ ಚುಚ್ಚಿ ನರಕ್ಕೆ ಔಷಧಿ ಏರಿಸಿದರು. ನೋಡಲು ಬಂದವರು ಬಾಳೆಹಣ್ಣು ತಂದು, ತಾವೇ ತಿಂದು, "ಮೊದಲ ತೋರಸಬೇಕಿತ್ರಿ" ಎಂದು ಬುದ್ಧಿ ಹೇಳಿ ಹೋದರು. ನಾನೇನು ಕಡಿಮೆಯೇ? ಅಷ್ಟು ವರ್ಷ ದಿಂಬು ತೊಳೆದೆನೇ ಹೊರತು ಒಂದು ದಿನವೂ ಆತನನ್ನು ಕಿವಿ ಡಾಕ್ಟರ ಹತ್ತಿರ ಎಳೆದೊಯ್ಯಲಿಲ್ಲ.

ಮಾತು ಮರಳಿತು. ಅದರ ಹಿಂದೆಯೇ ಬಡಾಯಿಯೂ ಬಂತು. ಕಿವಿಯ ಹಿಂದೆ ಕೊಳೆತ ಎಲುಬು ತೆಗೆಯದಿದ್ದರೆ ಕೀವು ಮತ್ತೆ ಮೇಲೇರುತ್ತದೆ ಎಂದು ಡಾಕ್ಟರಮ್ಮ ಹೇಳಿದರೆ, ಈತ "ಒಲ್ಲೆ, ಇನ್ನೊಂದ ಸಲ ಕೊಯ್ಸಿಕೊಳ್ಳಂಗಿಲ್ಲ" ಎಂದು ಗೋಡೆಗೆ ಮುಖ ಮಾಡಿದ.

ನಾನು ಆಪರೇಷನ್ನಿನ ಒಪ್ಪಿಗೆ ಕಾಗದ ಮುಂದಿಟ್ಟೆ. "ಸಹಿ ಮಾಡ್ರಿ. ಇಲ್ಲಂದ್ರ ನಾ ಈಗ ಬಸ್ ಹತ್ತತೇನಿ. ಸಾಯಾಕ ನಿಮ್ಮ ತಂಗೀನ ಜೋಡಿ ಕರಕೋರಿ."

ಬೈಯುತ್ತ ಬೈಯುತ್ತ ಸಹಿ ಹಾಕಿದ. ಮರುದಿನ ಆಪರೇಷನ್ ಕೋಣೆಯ ಒಳಗೆ ಒಯ್ದರು.