ಆಯಿಯ ಸೀರೆ, ಅಪ್ಪನ ಕೈ

ಮೈಮೇಲೆ ಬಂತು, ಗಾಳಿ ಸೋಕಿತು, ಸತ್ತವರು ಬಂದು ಮಾತಾಡಿದರು ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಡ್ಡೆ. ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ನಾನೂ ನನ್ನ ಗಂಡನೂ ಔಷಧಿ ಅಂಗಡಿ ನಡೆಸುತ್ತೇವೆ. ಜ್ವರ ಬಂದ ಕೂಸಿಗೆ ಮೊದಲು ತಾಯಿತ ಕಟ್ಟಿಸಿ, ಅದು ಕೆಲಸ ಮಾಡದಿದ್ದಾಗ ನಮ್ಮ ಅಂಗಡಿಯ ಮೆಟ್ಟಿಲು ಹತ್ತುವವರನ್ನು ದಿನವೂ ನೋಡುತ್ತೇನೆ. ಅವರಿಗೆ ಬೈದೇ ಮಾತ್ರೆ ಕೊಡುವುದು. ಈಗಲೂ ಬೈಯುತ್ತೇನೆ, ಆದರೆ ಮೊದಲಿನ ಜೋರು ಇಲ್ಲ. ಯಾಕೆಂದು ಗಂಡ ಕೇಳಿಲ್ಲ, ನಾನೂ ಹೇಳಿಲ್ಲ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ನೀವು ನಂಬಬೇಕು ಎಂದು ಕೇಳುವಷ್ಟು ಧೈರ್ಯ ನನಗಿಲ್ಲ, ಯಾಕೆಂದರೆ ನಾನೇ ಅರ್ಧ ನಂಬಿ ಅರ್ಧ ಬಿಟ್ಟವಳು.

ಮೊದಲು ನಮ್ಮ ಮನೆಯ ಸಂಗತಿ ಹೇಳಬೇಕು. ನಮ್ಮ ಅಪ್ಪನನ್ನು ಹೆತ್ತವಳು ಬಸವಕಲ್ಯಾಣದ ಆಯಿ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಅಪ್ಪನನ್ನು ಸಾಕಿದವಳು ಆಯಿಯ ತಂಗಿ, ಹುಮನಾಬಾದಿಗೆ ಮದುವೆಯಾಗಿ ಬಂದವಳು. ತಂಗಿಗೆ ಮಕ್ಕಳಾಗಲಿಲ್ಲ. ಆಯಿ ತನ್ನ ಚೊಚ್ಚಲ ಮಗನನ್ನು, ಇನ್ನೂ ಎದೆಹಾಲು ಬಿಡದ ಕೂಸನ್ನು, ಎತ್ತಿ ತಂಗಿಯ ಉಡಿಗೆ ಹಾಕಿದಳು. ಅಕ್ಕತಂಗಿಯರ ನಡುವೆ ಇಂಥದ್ದು ನಮ್ಮಲ್ಲಿ ಹೊಸದಲ್ಲ. ಆಯಿಗೆ ಆಮೇಲೆ ಇನ್ನೊಬ್ಬ ಮಗ ಹುಟ್ಟಿದ, ಅವನೇ ನಮ್ಮ ಕಾಕಾ. ಹೀಗಾಗಿ ಎರಡೂ ಮನೆ ತುಂಬಿದವು, ಎಲ್ಲ ಸರಿಹೋಯಿತು ಎಂದು ಎಲ್ಲರೂ ತಿಳಿದರು.

ಅಪ್ಪ ಸಾಕಿದವಳನ್ನು ಅವ್ವ ಅಂದ. ಹೆತ್ತವಳನ್ನು ದೊಡ್ಡವ್ವ ಅಂದ. ನಿಜ ಗೊತ್ತಾದ ಮೇಲೂ ದೊಡ್ಡವ್ವ ಎಂದೇ ಕರೆದ. ಹಬ್ಬಕ್ಕೊಮ್ಮೆ ಕಲ್ಯಾಣಕ್ಕೆ ಹೋಗುತ್ತಿದ್ದ, ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದ, ಆರೋಗ್ಯ ವಿಚಾರಿಸಿ ಮುಂದಿನ ಬಸ್ಸಿಗೆ ಹೊರಡುತ್ತಿದ್ದ. ಆಯಿ ಪ್ರತಿ ಸಲವೂ ತನ್ನ ಎಮ್ಮೆಯ ಹಾಲು ಕಾಯಿಸಿ ಲೋಟದಲ್ಲಿ ತರುವಳು. ಅಪ್ಪ ಪ್ರತಿ ಸಲವೂ ‘ಹಾಲು ನನಗ ಒಗ್ಗೂದಿಲ್ಲ ದೊಡ್ಡವ್ವ’ ಅನ್ನುವನು. ಮನೆಯಲ್ಲೂ ಅವನು ಕುಡಿಯುತ್ತಿದ್ದದ್ದು ಕರಿ ಚಹಾನೇ. ಆಯಿ ಲೋಟವನ್ನು ಹಾಗೇ ಒಳಗೆ ಒಯ್ಯುವಳು. ಅವರಿಬ್ಬರೂ ಒಮ್ಮೆ ಜಗಳವಾಡಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನನಗೆ ಅನಿಸುತ್ತಿತ್ತು. ಜಗಳವಾಡುವಷ್ಟೂ ಸಲಿಗೆ ಅವರಲ್ಲಿ ಇರಲಿಲ್ಲ.

ಅಪ್ಪನದು ಹೆದ್ದಾರಿ ಪಕ್ಕದಲ್ಲಿ ಟೈರ್ ಪಂಕ್ಚರ್ ಅಂಗಡಿ. ಹಳ್ಳಿಖೇಡದ ಕಾರ್ಖಾನೆಗೆ ಕಬ್ಬು ಹೊತ್ತು ಹೋಗುವ ಟ್ರ್ಯಾಕ್ಟರುಗಳು ಅವನ ಗಿರಾಕಿಗಳು. ದನ ಕಟ್ಟಿದವನಲ್ಲ, ಮೇವು ಹಾಕಿದವನಲ್ಲ. ಎಷ್ಟು ತೊಳೆದರೂ ಅವನ ಕೈಯಿಂದ ರಬ್ಬರಿನ ವಾಸನೆ ಹೋಗುತ್ತಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದು ಮುಂದೆ ಗೊತ್ತಾಗುತ್ತದೆ.

ಆಯಿಯ ಹತ್ತಿರ ಕೊನೆಗೆ ಉಳಿದದ್ದು ಒಂದೇ ಎಮ್ಮೆ. ಅದರ ಕರು ಸತ್ತಿತ್ತು. ಕರು ಸತ್ತ ಎಮ್ಮೆ ಎಲ್ಲರಿಗೂ ಹಾಲು ಇಳಿಸುವುದಿಲ್ಲ. ಅದು ಆಯಿಯ ಕೈಗೆ ಮಾತ್ರ ಇಳಿಸುತ್ತಿತ್ತು. ಆಯಿಯ ಬಲಗೈ ತೋರುಬೆರಳು ಹಿಂದೆ ಯಾವಾಗಲೋ ಹಗ್ಗಕ್ಕೆ ಸಿಕ್ಕು ಮುರಿದು, ಸೆಟೆದು ಕೂತುಬಿಟ್ಟಿತ್ತು. ಹಿಂಡುವಾಗ ಉಳಿದ ಬೆರಳು ಮಡಚುತ್ತಿದ್ದವು, ಅದೊಂದು ನೆಟ್ಟಗೆ ಯಾರಿಗೋ ದಾರಿ ತೋರಿಸಿದ ಹಾಗೆ ನಿಂತಿರುತ್ತಿತ್ತು. ಚಿಕ್ಕವಳಿದ್ದಾಗ ನಾನು ಅದನ್ನು ನೋಡಿ ನಗುತ್ತಿದ್ದೆ. ಹಿಂಡುತ್ತ ಅವಳು ಏನೋ ಗೊಣಗುತ್ತಿದ್ದಳು. ಎಮ್ಮೆಗೆ ಏನೋ ಹೇಳುತ್ತಾಳೆ ಎಂದುಕೊಂಡಿದ್ದೆವು. ಆ ಮಾತು ಏನೆಂದು ಯಾರಿಗೂ ಕೇಳಿಸುತ್ತಿರಲಿಲ್ಲ, ಹತ್ತಿರ ಹೋದರೆ ಸುಮ್ಮನಾಗುತ್ತಿದ್ದಳು.

ಆಯಿ ತೀರಿಕೊಂಡದ್ದು ಚಳಿಗಾಲದಲ್ಲಿ. ಅಪ್ಪ, ನಾನು ಹುಮನಾಬಾದಿನಿಂದ ಹೋದೆವು. ಮಣ್ಣು ಮಾಡುವ ಹೊತ್ತಿನಲ್ಲಿ ಮಗನ ಕೆಲಸವನ್ನೆಲ್ಲ ಕಾಕಾನೇ ಮಾಡಿದ. ಅಪ್ಪ ನೆಂಟರ ಸಾಲಿನಲ್ಲಿ ನಿಂತು, ಎಲ್ಲರಂತೆ ಒಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದ. ಅವನ ಕಣ್ಣಲ್ಲಿ ನೀರಿರಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂತು, ಅಷ್ಟೇ ಮರುಕವೂ ಬಂತು.

ಎಮ್ಮೆಯ ತೊಂದರೆ ಆ ದಿನದಿಂದಲೇ ಶುರುವಾಯಿತು. ಕಾಕಾ ಕೂತರೆ ಒದೆಯಿತು. ದನದ ಡಾಕ್ಟರು ಬಂದು ಸೂಜಿ ಹಾಕಿ, ಹೀಗೇ ಬಿಟ್ಟರೆ ಕೆಚ್ಚಲು ಕೊಳೆಯುತ್ತದೆ, ಎಮ್ಮೆ ಉಳಿಯುವುದು ಕಷ್ಟ ಎಂದು ಹೇಳಿ ಹೋದರು. ಹಿಂಡುವವರು ಬದಲಾದರೆ ಹಳಬರ ಸೀರೆ ಉಟ್ಟು ಕೂರುವುದು ನಮ್ಮಲ್ಲಿ ರೂಢಿ. ಸೀರೆಯ ವಾಸನೆಗೆ ಎಮ್ಮೆ ಮೋಸಹೋಗುತ್ತದೆ. ಆದರೆ ಕಾಕಾನ ಹೆಂಡತಿ, ನಮ್ಮ ಕಾಕಿ, ಸಾವಿನ ಮನೆಯ ಸೂತಕ ಕಳೆಯಲೆಂದು ಆಯಿಯ ಸೀರೆಗಳನ್ನೆಲ್ಲ ಸೋಡಾ ಹಾಕಿ ಕುದಿಸಿ ಒಗೆದುಬಿಟ್ಟಿದ್ದಳು. ಒಂದು ಸೀರೆಯಲ್ಲೂ ಆಯಿ ಉಳಿದಿರಲಿಲ್ಲ. ಆದರೂ ಕಾಕಿ ಅದರಲ್ಲೇ ಒಂದು ಹಸಿರು ಸೀರೆಯನ್ನು ತನ್ನ ಸೀರೆಯ ಮೇಲೆಯೇ ಸುತ್ತಿಕೊಂಡು ಕೂತಳು. ಎಮ್ಮೆ ಮೂಸಿ ನೋಡಿತು, ಒದೆಯಿತು. ಹಾಲು ಹಿಂಡುವ ಚರಿಗೆ ಗೋಡೆಗೆ ಬಡಿದು ನೆಗ್ಗಿತು. ಕಾಕಿ ಸೀರೆಯನ್ನು ಕೊಟ್ಟಿಗೆಯ ಗೂಟಕ್ಕೆ ಎಸೆದು, ಅಳುತ್ತ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಹಾಲು ತುಪ್ಪ ಬಿಡುವ ಶಾಸ್ತ್ರ ಇತ್ತು. ಮಣ್ಣು ಮಾಡಿದ ಮೂರನೆಯ ದಿನ ಸಮಾಧಿಯ ಮೇಲೆ ಹಾಲು ತುಪ್ಪ ಬಿಡುತ್ತೇವೆ, ಅದು ಹಿರಿಯ ಮಗನ ಕೆಲಸ. ಮನೆಯ ಎಮ್ಮೆ ಹೀಗಿರುವಾಗ ಅಂಗಡಿಯ ಪಾಕೀಟು ಹಾಲೇ ಗತಿ ಎಂದು ಕಾಕಾ ನೊಂದುಕೊಂಡ. ಯಾರು ಹಿರಿಯ ಮಗ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು ಇದೆಲ್ಲ ಕೇಳಿಸಿಕೊಳ್ಳುತ್ತಿದ್ದ. ಸಂಜೆಯ ಬಸ್ಸಿಗೆ ಊರಿಗೆ ಹೋಗುತ್ತೇನೆ, ನಾಳೆ ನೀವೇ ಮಾಡಿಕೊಳ್ಳಿ ಎಂದು ಆಗಲೇ ಹೇಳಿದ್ದ.

ದೀಪ ಹಚ್ಚುವ ಹೊತ್ತು. ನಾನು ಬಿಸಿನೀರು, ಬಟ್ಟೆ ತೆಗೆದುಕೊಂಡು ಕೊಟ್ಟಿಗೆಗೆ ಹೋದೆ, ಕೆಚ್ಚಲಿಗೆ ಶಾಖ ಕೊಟ್ಟರೆ ನೋವಾದರೂ ಇಳಿದೀತು ಎಂದು. ಕೆಚ್ಚಲು ಕಲ್ಲಾಗಿತ್ತು. ಮುಟ್ಟಿದರೆ ಎಮ್ಮೆ ನಡುಗುತ್ತಿತ್ತು, ಒಂದೇ ಸಮ ಕೂಗುತ್ತಿತ್ತು. ಮೇಲೆ ಬಲ್ಬು ಉರಿಯುತ್ತಿತ್ತು. ಇದನ್ನು ಒತ್ತಿ ಹೇಳುತ್ತೇನೆ, ಕತ್ತಲಲ್ಲಿ ಏನೋ ಕಂಡಳು ಎಂದು ನೀವು ಅಂದುಕೊಳ್ಳಬಾರದು.

ಅಪ್ಪ ಒಳಗೆ ಬಂದ. ಆ ಕೊಟ್ಟಿಗೆಯೊಳಗೆ ಅವನು ಕಾಲಿಟ್ಟದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಗೂಟದ ಮೇಲಿದ್ದ ಹಸಿರು ಸೀರೆ ತೆಗೆದು, ಪ್ಯಾಂಟು ಶರ್ಟಿನ ಮೇಲೆಯೇ ಸುತ್ತಿ, ಸೆರಗನ್ನು ತಲೆಗೆ ಎಳೆದುಕೊಂಡ. ನಿಜ ಹೇಳುತ್ತೇನೆ, ನನಗೆ ನಗು ಬಂತು. ಸಾವಿನ ಮನೆಯೆಂದು ಬಾಯಿ ಮುಚ್ಚಿಕೊಂಡೆ. ಅವನು ನೆಗ್ಗಿದ ಚರಿಗೆ ಎತ್ತಿಕೊಂಡು ಎಮ್ಮೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಒದೆಯುತ್ತದೆ ಅಪ್ಪ, ಬೇಡ ಎಂದೆ. ಎಮ್ಮೆ ಕತ್ತು ತಿರುಗಿಸಿ ಅವನ ಭುಜವನ್ನು ಮೂಸಿತು. ಕೂಗು ನಿಲ್ಲಿಸಿತು.

ಆಮೇಲೆ ಚರಿಗೆಯಲ್ಲಿ ಹಾಲು ಬೀಳುವ ಸದ್ದು ಕೇಳಿಸಿತು. ನಾನು ಅವನ ಕೈ ನೋಡಿದೆ. ಮೂರು ಬೆರಳು ಮಡಚಿದ್ದವು. ತೋರುಬೆರಳು ಸೆಟೆದು ನೆಟ್ಟಗೆ ನಿಂತಿತ್ತು. ನನ್ನ ನಗು ಅಲ್ಲೇ ಸತ್ತಿತು.

ಅವನು ಗೊಣಗುತ್ತಿದ್ದ. ದನಿ ಅವನದೇ ಎಂದು ಹೇಳಬಲ್ಲೆ, ಆದರೆ ಅವನು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಈ ಸಲ ಮಾತು ಸ್ಪಷ್ಟವಾಗಿ ಕೇಳಿಸಿತು.

“ಇಳೀ ನನ್ನವ್ವ, ಇಳಿ. ಕೂಸಿಲ್ಲಂತ ಹಿಡದು ಇಟ್ಕೋಬ್ಯಾಡ. ಕೂಸು ಅಲ್ಲೇ ಉಂಡು ಮಲಗೇದ.”

ಇದನ್ನೇ ಮತ್ತೆ ಮತ್ತೆ ಹೇಳಿದ, ಚರಿಗೆ ತುಂಬುವವರೆಗೂ. ತುಂಬಿದ ಮೇಲೆ ಎದ್ದು, ಸೀರೆ ಬಿಚ್ಚಿ ಗೂಟಕ್ಕೆ ಹಾಕಿ, ಚರಿಗೆ ನನ್ನ ಕಾಲ ಬಳಿ ಇಟ್ಟು ಹೊರಟುಹೋದ. ನಾನು ಹಾಲನ್ನು ಕಾಕಿಯ ಕೈಗೆ ಕೊಟ್ಟು, ಅಪ್ಪ ಹಿಂಡಿದ ಎಂದಷ್ಟೇ ಹೇಳಿ ಕಟ್ಟೆಗೆ ಬಂದೆ. ಅಪ್ಪ ಮೊದಲಿನಂತೆಯೇ ಅಲ್ಲಿ ಕೂತಿದ್ದ. ಬಸ್ಸಿನ ಹೊತ್ತು ಮೀರಿತ್ತು. ಎಮ್ಮೆ ಹಿಂಡಲು ಯಾವಾಗ ಕಲಿತೆ ಎಂದು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ, ಯಾವ ಎಮ್ಮೆ ಅಂದ.

ಬೆಳಿಗ್ಗೆ ಸಮಾಧಿಯ ಹತ್ತಿರ ಕಾಕಾ ಆ ಹಾಲಿನ ತಂಬಿಗೆಯನ್ನು ಅಪ್ಪನ ಮುಂದೆ ಹಿಡಿದ.

“ಹಿರಿಮಗ ನೀನೇ ಇದ್ದಿ, ಅಣ್ಣಾ. ಹಿಂಡಿದಾವ್ನೂ ನೀನೇ. ನೀನೇ ಬಿಡು.”

“ನಾ ಹಿಂಡಿಲ್ಲಪಾ,” ಅಂದ ಅಪ್ಪ. “ನನಗ ಹಿಂಡಾಕ ಎಲ್ಲಿ ಬರ್ತದ?”

ನೆರೆದವರು ಅದನ್ನು ಸಂಕೋಚ ಎಂದುಕೊಂಡರು. ಅಪ್ಪನ ಮುಖ ನನಗೆ ಗೊತ್ತು, ಅದು ಸಂಕೋಚವಲ್ಲ. ಅವನಿಗೆ ಗೊತ್ತೇ ಇರಲಿಲ್ಲ. ಆದರೂ ತಂಬಿಗೆ ತೆಗೆದುಕೊಂಡ. ‘ಅವ್ವಾ, ಹಾಲು ಕುಡಿ ಅಂತ ಅಂದು ಬಿಡಬೇಕು’ ಎಂದು ಯಾರೋ ಹಿರಿಯರು ಹೇಳಿಕೊಟ್ಟರು. ಅಪ್ಪ ಆ ಮಾತು ಅನ್ನದೆಯೇ ಹಾಲು ಬಿಟ್ಟ. ಮಣ್ಣು ಕುಡಿಯಿತು.

ಪಕ್ಕದ ಮನೆಯಲ್ಲಿ ಮಹಬೂಬ್‌ಬೀ ಎಂಬ ಮುದುಕಿ ಇದ್ದಳು, ಆಯಿಯ ವಾರಗೆಯವಳು, ನಾವು ಖಾಲಾ ಎಂದು ಕರೆಯುತ್ತಿದ್ದೆವು. ಹೊರಡುವ ಮೊದಲು ಅವಳಿಗೆ ಹೇಳಿಬರಲು ಹೋದೆ. ಮಾತಿನ ನಡುವೆ, ಆಯಿ ಎಮ್ಮೆಗೆ ಹೀಗೆ ಹೇಳುತ್ತಿದ್ದಳಲ್ಲವೇ ಎಂದು ಆ ಮಾತನ್ನು ಹೇಳಿದೆ. ಖಾಲಾ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. ಇದನ್ನು ನಿನಗೆ ಯಾರು ಹೇಳಿದರು ಎಂದು ಕೇಳಿದಳು. ಹೇಳುತ್ತಿದ್ದಳೋ ಇಲ್ಲವೋ ಅಷ್ಟು ಹೇಳು ಎಂದೆ.

“ಎಮ್ಮಿಗಿ ಅಲ್ಲ ಬೇಟಿ,” ಅಂದಳು. “ಕೂಸು ಕೊಟ್ಟು ಬಂದ ಮ್ಯಾಲ ಅಕಿ ಎದಿ ಕಲ್ಲಾಗಿತ್ತು. ಹಾಲು ಬತ್ತಲಿ ಅಂತ ನಾನೇ ಮಲ್ಲಿಗಿ ಹೂವು ಕಟ್ಟಿದ್ದೆ, ಬತ್ತಲಿಲ್ಲ. ಅತ್ತಿ ನೋಡ್ತಾಳಂತ ಕೊಟಗ್ಯಾಗ ಹೋಗಿ ಹಿಂಡಿ ಚೆಲ್ತಿದ್ಲು. ತನ್ನ ಎದಿಗೇ ಹಂಗ ಹೇಳ್ತಿದ್ಲು. ನಾ ಬಾಗಲಾಗ ನಿಂತು ಕಾಯ್ತಿದ್ದೆ. ನಾವಿಬ್ಬರ ಬಿಟ್ಟು ಮತ್ಯಾರಿಗೂ ಗೊತ್ತಿಲ್ಲ.”

ನಾನು ಲೆಕ್ಕ ಹಾಕದೆ ಬಿಟ್ಟಿಲ್ಲ. ಬಿಸಿನೀರಿನ ಶಾಖಕ್ಕೆ ಹಾಲು ತಾನೇ ಇಳಿದಿರಬಹುದು. ಆಯಿಯ ಬೆರಳನ್ನು ಅಪ್ಪ ಎಷ್ಟೋ ಸಲ ನೋಡಿದ್ದ, ದುಃಖದಲ್ಲಿ ಅವಳಂತೆಯೇ ಮಾಡಿರಬಹುದು. ದುಃಖ ಹೆಚ್ಚಾದಾಗ ಮನುಷ್ಯ ಮಾಡಿದ್ದನ್ನು ಮರೆಯುವುದೂ ಉಂಟು. ಆದರೆ ಒಗೆದ ಸೀರೆ, ರಬ್ಬರು ನಾರುವ ಕೈ, ಆದರೂ ಮೂಸಿ ಸುಮ್ಮನಾದ ಎಮ್ಮೆ? ಆ ಮಾತು? ಅವನು ಆ ಮನೆ ಬಿಟ್ಟಾಗ ಕೂಸು. ಅವನು ಹೋದ ಮೇಲೆ ಹುಟ್ಟಿದ ಮಾತು ಅದು. ಇಲ್ಲಿಗೆ ಬಂದು ನನ್ನ ಬುದ್ಧಿ ನಿಲ್ಲುತ್ತದೆ. ಎಮ್ಮೆಯಂತೂ ಬದುಕಿತು. ಆದರೆ ಆ ಸಂಜೆಯ ನಂತರ ಅದರ ಹಾಲು ಬತ್ತಿಹೋಯಿತು, ಮತ್ತೆ ಯಾರೂ ಹಿಂಡಲಿಲ್ಲ.

ಖಾಲಾ ಹೇಳಿದ್ದನ್ನು ಅಪ್ಪನಿಗೆ ಹೇಳಬೇಕೆಂದು ಬಸ್ಸಿನಲ್ಲಿ ಬರುವಾಗ ಎಷ್ಟೋ ಸಲ ಬಾಯಿ ತೆರೆದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ನಮ್ಮ ಮನೆಯಲ್ಲಿ ಇಂಥ ಮಾತು ಆಡಿ ರೂಢಿಯಿಲ್ಲ. ಅವನಿಗೂ ನನಗೂ ನಡುವೆ ಇದ್ದದ್ದು, ಅವನಿಗೂ ಆಯಿಗೂ ನಡುವೆ ಇದ್ದದ್ದು ಒಂದೇ ಎಂದು ಅವತ್ತು ತಿಳಿಯಿತು.

ಹೋದ ವರ್ಷ ಅಪ್ಪ ಹಾಸಿಗೆ ಹಿಡಿದ. ಕೊನೆಯ ಸಂಜೆ ಆಸ್ಪತ್ರೆಯಲ್ಲಿ ನಾನೊಬ್ಬಳೇ ಅವನ ಬಳಿ ಇದ್ದೆ. ಪ್ರಜ್ಞೆ ಇರಲಿಲ್ಲ. ಹೊದಿಕೆಯ ಮೇಲೆ ಅವನ ಎರಡೂ ಕೈ ಒಂದಾದ ಮೇಲೊಂದು ಮೇಲೆ ಕೆಳಗೆ ಆಡತೊಡಗಿದವು. ಸಿಸ್ಟರ್ ನೋಡಿ, ನಿಮ್ಮ ತಂದೆ ಏನು ಕೆಲಸ ಮಾಡುತ್ತಿದ್ದರು, ಸಾಯುವಾಗ ಕೆಲವರ ಕೈಗೆ ಹಳೆಯ ಕೆಲಸ ನೆನಪಾಗುತ್ತದೆ ಅಂದಳು. ಟೈರಿನ ಕೆಲಸ ಎಂದು ಹೇಳಿದೆ. ಅವಳು ತಲೆಯಾಡಿಸಿ ಹೋದಳು. ಬಲಗೈಯ ತೋರುಬೆರಳು ಸೆಟೆದು ನಿಂತಿತ್ತು. ನಾನು ಅದನ್ನು ಹಿಡಿದು ಮಡಚಲು ನೋಡಿದೆ, ಮಡಚಲಿಲ್ಲ.

ಆಗ ಬಗ್ಗಿ, ಅವನ ಕಿವಿಯ ಹತ್ತಿರ ಬಾಯಿಟ್ಟು, ನಾನೇ ಹೇಳಿದೆ: ಕೂಸು ಉಂಡು ಮಲಗೇದ. ಯಾಕೆ ಹೇಳಿದೆನೋ ಗೊತ್ತಿಲ್ಲ, ಯಾರಿಗೆ ಹೇಳಿದೆನೋ ಅದೂ ಗೊತ್ತಿಲ್ಲ. ಕೈಗಳು ನಿಂತವು.