ಸಾಕು ಎನ್ನಬಾರದ ಖಾನಾವಳಿ

ಅಥವಾ ಆ ಕೈ ನನ್ನದೇ ಇದ್ದಿರಬಹುದು. ಬ್ಯಾಂಕಿನ ಅಧಿಕಾರಿಯೊಬ್ಬರು ತಾಟಿಗೆ ಅಂಗೈ ಅಡ್ಡ ಹಿಡಿದು ‘ಸಾಕು’ ಅಂದರು, ಚನಬಸು ಕಾಕಾ ಆ ಅಂಗೈ ಮೇಲೆಯೇ ಬಿಸಿ ರೊಟ್ಟಿ ಹಾಕಿದರು ಎಂದು ವರ್ಷಗಟ್ಟಲೆ ಹೇಳುತ್ತಾ ಬಂದಿದ್ದೇನೆ. ಚುರ್ರೆಂದ ನೆನಪು ಮಾತ್ರ ನನ್ನ ಕೈಯಲ್ಲಿದೆ. ಕಾಕಾ ಆಡಿದ ಮಾತಿನ ಬಗ್ಗೆ ಅನುಮಾನವಿಲ್ಲ. ಅದನ್ನು ಅವರು ದಿನವೂ ಯಾರಿಗಾದರೂ ಆಡುತ್ತಿದ್ದರು.

‘ಸಾಕ ಅನ್ನಾವ್ರು ದವಾಖಾನಿಗೆ ಹೋಗ್ರಿ. ಇದು ಖಾನಾವಳಿ.’

ಬಬಲೇಶ್ವರದಿಂದ ಬಂದು ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವರು ಖಾನಾವಳಿ ಇಟ್ಟಿದ್ದರು. ರೊಟ್ಟಿ ಬಡಿಯುವವರು ಅವರ ಹೆಂಡತಿ, ನಾವೆಲ್ಲ ಕಾಕು ಎಂದು ಕರೆಯುವವರು. ಕಾಕಾ ಮಾಡುತ್ತಿದ್ದದ್ದು ಎರಡೇ ಕೆಲಸ, ನೀಡುವುದು ಮತ್ತು ಬೈಯುವುದು. ಮುಖ ನೋಡುತ್ತಿರಲಿಲ್ಲ, ತಾಟು ನೋಡುತ್ತಿದ್ದರು. ಪುಂಡಿಪಲ್ಯ ಬಿಟ್ಟವನು ಮರುದಿನ ಬಂದರೆ ‘ಬಂದ್ರ್ಯಾ ಸಾಹೇಬ್ರ, ಇವತ್ತೇನ ಬಿಡಾವ್ರದೀರಿ?’ ಎಂದು ಎಲ್ಲರೆದುರು ಕೇಳುತ್ತಿದ್ದರು. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ‘ಸಾಕು ಎನ್ನಬಾರದು’ ಎಂದು ಬರೆಸಿದ್ದರು. ಇದನ್ನು ಔದಾರ್ಯ ಎನ್ನುವವರಿದ್ದಾರೆ. ನನಗೆ ಅದು ಕುಸ್ತಿಯಂತೆ ಕಾಣುತ್ತಿತ್ತು. ಉಣ್ಣಲು ಕುಳಿತವನು ಚಿತ್ ಆಗುವವರೆಗೆ ಅವರಿಗೆ ಸಮಾಧಾನವಿರಲಿಲ್ಲ.

ಹೊನವಾಡದ ನನ್ನ ಅಕ್ಕನ ಮಗಳು ಪೂಜಾ ಜಾರ್ಜಿಯಾ ದೇಶದಲ್ಲಿ ವೈದ್ಯಕೀಯ ಓದುತ್ತಾಳೆ. ರಜೆಗೆ ಬಂದಾಗ ಅವಳನ್ನು ಅಲ್ಲಿಗೆ ಊಟಕ್ಕೆ ಕರೆದುಕೊಂಡು ಹೋಗಿದ್ದೆ.

‘ನಿಮ್ಮ ರೊಟ್ಟಿ ಇಲ್ಲದ ಅಲ್ಲಿ ಸಾಯಾಕತ್ತೀವ್ರಿ ಕಾಕಾ’ ಅಂದಳು. ಇನ್ನೊಂದು ರೊಟ್ಟಿ ತಪ್ಪಿಸಿಕೊಳ್ಳಲು ಆಡಿದ ಮಾತು.

‘ನಮ್ಮ ಕಡಿ ಹುಡುಗ್ರು ಎಷ್ಟ ಮಂದಿ ಅದಾರ?’

‘ರಗಡ ಅದೀವ್ರಿ.’

ಅಷ್ಟೇ ಸಾಕಾಯಿತು. ತಿಕೋಟಾದ ಹತ್ತಿರ ಅವರಿಗಿದ್ದ ದ್ರಾಕ್ಷಿ ತೋಟ ಮಾರಾಟವಾಗಿ ದಾಯಾದಿಯ ಪಾಲಾಯಿತು. ಅಲ್ಲಿ ಹೋಟೆಲ್ ಇಡಲು ಕಾಕಾ ಇಟ್ಟಂಗಿಹಾಳದ ಅಡುಗೆಯವನೊಬ್ಬನನ್ನು ಕರೆದುಕೊಂಡು ವಿಮಾನ ಹತ್ತಿದರು. ಜಾರ್ಜಿಯಾ ಅಮೆರಿಕದಲ್ಲಿದೆ ಎಂದು ಓಣಿಯವರು ತಿಳಿದರು. ಕಾಕಾ ತಿದ್ದಲಿಲ್ಲ. ಬಹುಶಃ ಅವರೂ ಹಾಗೇ ತಿಳಿದಿದ್ದರು.

ಹೊರಡುವ ಮುಂಚೆ ಹೆಂಡತಿಗೆ ಹೇಳಿದ್ದು ಇಷ್ಟೇ: ‘ಅಲ್ಲಿ ನಡೀತಂದ್ರ ಇದಕ್ಕ ಕೀಲಿ ಹಾಕಿ ಬಂದಬಿಡು.’

ಕಾಕು ಹಿಟ್ಟು ನಾದುತ್ತಿದ್ದರು. ‘ನಡದ ಮ್ಯಾಲ ಹೇಳ್ರಿ. ಅಲ್ಲೀತನಕಾ ಈ ಒಲಿ ನಂದ.’

ಆಮೇಲೆ ಕಾಕಾ ಕಂಡದ್ದು ಫೋನಿನಲ್ಲಿ. ಕೋಟು ಹಾಕಿದ್ದರು. ಹೋಟೆಲ್ ಬೋರ್ಡಿನ ಮೇಲೂ ಅದೇ ಕೋಟಿನ ಫೋಟೋ. ‘ಇಲ್ಲಿ ನಾನ ಫಾರೆನ್ನರ್ ಅದೀನಿ ತಮ್ಮಾ. ಮಂದಿ ಹೊಳ್ಳಿ ಹೊಳ್ಳಿ ನೋಡ್ತಾರ’ ಅಂದರು. ಮಂದಿ ಏಕೆ ನೋಡುತ್ತಿದ್ದರು ಎಂಬುದು ಪೂಜಾಳಿಂದ ತಿಳಿಯಿತು. ಅವಳ ಮಾತನ್ನೂ ನಾನು ಪೂರ್ತಿ ನಂಬುವುದಿಲ್ಲ. ನಗಿಸುವ ಚಟ ಅವಳಿಗಿದೆ. ವಿಜಯಪುರದ ಗೋಡೆಯ ಮಾತನ್ನು ಕಾಕಾ ಫೋನಿಗೆ ಹೇಳಿ ಆ ದೇಶದ ಭಾಷೆಗೆ ತಿರುಗಿಸಿಕೊಂಡು, ದೊಡ್ಡದಾಗಿ ಬರೆಸಿ ಬಾಗಿಲಿಗೇ ಅಂಟಿಸಿದ್ದರಂತೆ. ಅದು ಅಲ್ಲಿಯವರ ಓದಿಗೆ ‘ಇಲ್ಲಿ ಊಟ ಸಾಲುವುದಿಲ್ಲ’ ಎಂದಾಗಿತ್ತು. ದಾರಿಹೋಕರು ನಿಂತು ಓದುತ್ತಿದ್ದರು, ಒಳಗೆ ಕೋಟು ಹಾಕಿ ನಿಂತ ಮಾಲೀಕರನ್ನು ನೋಡುತ್ತಿದ್ದರು, ನಕ್ಕು ಮುಂದೆ ಹೋಗುತ್ತಿದ್ದರು. ಮಾಲೀಕರು ಕೈ ಬೀಸುತ್ತಿದ್ದರು.

‘ನೀವ್ಯಾರೂ ಹೇಳಲಿಲ್ಲೇನ?’ ಎಂದು ಕೇಳಿದೆ.

‘ಹೇಳಿದ್ರ ಬೈತಿದ್ರು ಮಾಮಾ. ನಾವು ಫೋಟೋ ತಗೊಂಡ್ವಿ.’

ನಾಳೆ ಇವರು ನಮ್ಮ ನಾಡಿ ಹಿಡಿಯುತ್ತಾರೆ.

ನಮ್ಮ ಕಡೆಯ ಹುಡುಗರೂ ಹೆಚ್ಚು ದಿನ ಹೋಗಲಿಲ್ಲ. ತೂಕ ಇಳಿಸುವವರ ತಾಟಿಗೆ ಕಾಕಾ ರೊಟ್ಟಿ ಹಾಕುತ್ತಾ ಹೋದರು. ಹುಡುಗರು ಇಂಟರ್ನೆಟ್ಟಿನಲ್ಲಿ ಐದರಲ್ಲಿ ಒಂದೇ ಚುಕ್ಕಿ ಕೊಟ್ಟು, ಮಾಲೀಕರು ಬಲವಂತ ಮಾಡುತ್ತಾರೆ ಎಂದು ಬರೆದರು. ‘ಚುಕ್ಕಿ ಎಣಸಾಕ ಇವ್ರೇನ ಜೋಯಿಸರ?’ ಎಂದು ಕಾಕಾ ಫೋನಿನಲ್ಲಿ ಗುಡುಗಿದರು. ‘ಉಣ್ಣಾಕ ಬರಲಾರದ ಮಂದಿ. ನಾಕ ದಿನಾ ತಡಿ, ಸಾಲ ಹಚ್ತಾರ.’ ಸಾಲು ಹಚ್ಚುತ್ತಾರೆ ಎಂದಿರಬೇಕು. ನನಗೆ ‘ಸಾಲ’ ಎಂದೇ ಕೇಳಿಸಿತು.

ಇಲ್ಲಿ ಕಾಕು ಕೀಲಿಕೈಯನ್ನು ಒಲೆಯ ಮೇಲಿನ ಗೂಟಕ್ಕೆ ನೇತುಹಾಕಿದ್ದರು. ‘ನಡದೈತೇನ್ರಿ?’ ಎಂದು ಪ್ರತಿ ಫೋನಿಗೂ ಕೇಳುತ್ತಿದ್ದರು. ಅವರಿಗೆ ಬೇಕಿದ್ದ ಉತ್ತರ ಯಾವುದೆಂದು ಅವರ ದನಿಯಿಂದ ತಿಳಿಯುತ್ತಿರಲಿಲ್ಲ.

ಕಾಕಾರನ್ನು ನಾನು ಕೊನೆಯ ಸಲ ನೋಡಿದ್ದು ಈ ವರ್ಷ. ಮಧ್ಯಾಹ್ನ ಕಾಕುವಿನ ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಅವರು ಚೀಲ ಹಿಡಿದು ಒಳಗೆ ಬಂದು, ದುಡ್ಡಿನ ಗಲ್ಲೆಯ ಕಡೆ ಹೋಗದೆ ಗಿರಾಕಿಗಳ ಬೆಂಚಿನ ಮೇಲೆ, ತಮ್ಮದೇ ಕೆಂಪು ಅಕ್ಷರಗಳ ಕೆಳಗೆ ಕುಳಿತರು. ಕೋಟು ಇರಲಿಲ್ಲ. ಕಾಕು ಏನೂ ಕೇಳದೆ ತಾಟು ಇಟ್ಟರು: ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಅವರು ಉಂಡರು. ಕಾಕು ಎರಡನೆಯ ರೊಟ್ಟಿ ತಂದಾಗ ಕಾಕಾ ಅಂಗೈ ಅಡ್ಡ ಹಿಡಿದು, ‘ಸಾಕು’ ಅಂದರು.

ಕಾಕು ರೊಟ್ಟಿಯನ್ನು ತಿರುಗಿ ಒಳಗೆ ಒಯ್ದರು. ಆ ಖಾನಾವಳಿಯಲ್ಲಿ ಸಾಕು ಅಂದು ಗೆದ್ದ ಮೊದಲ ಮನುಷ್ಯ ಚನಬಸು ಕಾಕಾ.

ಕೆಲವು ದಿನಗಳ ನಂತರ ಅವರು ಮತ್ತೆ ಹೋದರು. ಹೋಟೆಲ್ ಮುಚ್ಚಲು ಹೋದರೋ, ನಡೆಸಲು ಹೋದರೋ ನನಗೆ ತಿಳಿಯದು. ಕೀಲಿಕೈ ಗೂಟದಲ್ಲೇ ಇದೆ. ಕಾಕುವನ್ನು ಕೇಳಿದರೆ ‘ಹೋಗ್ಯಾರ’ ಅಂದು ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಾರೆ. ಅಂದು ಕಾಕಾ ನಿಜವಾಗಿ ಸಾಕು ಅಂದರೋ, ಅಥವಾ ಬರೀ ಕೈ ಅಡ್ಡ ಹಿಡಿದರೋ, ಅದೂ ನನಗೆ ಈಗ ಗೊತ್ತಿಲ್ಲ.