ಮಿಲ್ಲಕ್ಕನ ಪೈಪು

ಪೈಪಿನ ಮೇಲೆ ಭಾರ ಬಿಡುವಾಗ ಅವರ ಎಡಗಾಲು ನೆಲದಿಂದ ಮೇಲೇಳುತ್ತಿತ್ತು. ಚಪ್ಪಲಿ ಕೆಳಗೇ ಉಳಿದು, ಹಿಟ್ಟು ಮೆತ್ತಿದ ಬರಿಯ ಪಾದ ಗಾಳಿಯಲ್ಲಿ ನಿಲ್ಲುತ್ತಿತ್ತು. ಮೊದಲ ಸಲ ನೋಡಿದವರು ಈ ಹೆಂಗಸು ಮುಗ್ಗರಿಸಿಬಿಟ್ಟರೆಂದು ಕೈ ಚಾಚುತ್ತಿದ್ದರು. ಅವರು ಬೀಳುತ್ತಿರಲಿಲ್ಲ. ಕಣ್ಣನ್ನು ಅರ್ಧ ಮುಚ್ಚಿ, ಸ್ಪ್ಯಾನರಿನ ಹಿಡಿಗೆ ತೂರಿಸಿದ ಆ ಉದ್ದನೆಯ ಕಬ್ಬಿಣದ ಪೈಪಿನ ತುದಿಯ ಮೇಲೆ ಇಡೀ ಮೈ ಒರಗಿಸಿ, ಹಟ ಹಿಡಿದ ನಟ್ಟು ಅಲುಗುವವರೆಗೂ ಹಾಗೆಯೇ ಇರುತ್ತಿದ್ದರು. ಒಣಕಲು ಮೈ. ರವಿಕೆಯ ತೋಳೊಳಗೆ ಇನ್ನೊಂದು ಕೈ ಹಿಡಿಸುವಷ್ಟು ಜಾಗವಿತ್ತು. ಅಂಥವರು ಕಬ್ಬಿಣದ ಜೊತೆ ಜಗಳಕ್ಕೆ ನಿಲ್ಲುತ್ತಾರೆಂದರೆ ನಂಬುವುದು ಕಷ್ಟವೇ.

ಕತ್ರಿಗುಪ್ಪೆಯಲ್ಲಿ ನಮ್ಮ ರಸ್ತೆಯ ತಿರುವಿನಲ್ಲಿ ಅವರ ಹಿಟ್ಟಿನ ಮಿಲ್ಲು. ಇಡೀ ಬೀದಿಗೆ ಅವರು ಮಿಲ್ಲಕ್ಕ. ಹಳೆಯ ಊರಿನ ಒಕ್ಕಲು ಮನೆತನಕ್ಕೆ ಸೊಸೆಯಾಗಿ ಬಂದವರು. ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳು ಮನೆಗಳಾದ ಮೇಲೆ ಗಂಡ ಹೆಂಡತಿ ಸೇರಿ ಈ ಮಿಲ್ಲು ಹಾಕಿದ್ದರಂತೆ. ಕಟ್ಟೆಯ ಮೇಲೆ ಸಾಲಾಗಿ ಡಬ್ಬಗಳಿರುತ್ತಿದ್ದವು. ಯಾವುದಕ್ಕೂ ಹೆಸರಿಲ್ಲ, ಚೀಟಿಯಿಲ್ಲ. ಯಾವ ಡಬ್ಬ ಯಾರ ಮನೆಯದು, ಯಾರಿಗೆ ತರಿ ಬೇಕು, ಯಾರಿಗೆ ನುಣ್ಣಗೆ ಬೇಕು, ಎಲ್ಲವೂ ಅವರಿಗೆ ಬಾಯಿಪಾಠ. ರಾಗಿ ಸರಿಯಾಗಿ ಒಣಗಿರದಿದ್ದರೆ ಮಾತ್ರ ಯಾರೆಂದು ನೋಡದೆ ಬೈಯುತ್ತಿದ್ದರು. ನಾನು ಬಹಳ ಸಲ ಬೈಸಿಕೊಂಡಿದ್ದೇನೆ. ನನಗೂ ಮೂಗಿನ ತುದಿಯಲ್ಲೇ ಕೋಪ. ಆದರೆ ಅವರೆದುರು ಅದು ಮೂಗಿನಿಂದ ಕೆಳಗಿಳಿಯುತ್ತಿರಲಿಲ್ಲ.

ಹಿಟ್ಟು ಬೀಳುವಾಗ ಅವರು ಮಣಿಕಟ್ಟಿನ ಒಳಬದಿಯನ್ನು ಅದರ ಕೆಳಗೆ ಹಿಡಿಯುತ್ತಿದ್ದರು, ಎಳೆ ಮಗುವಿನ ಸ್ನಾನಕ್ಕೆ ನೀರಿನ ಹದ ನೋಡುವ ಹಾಗೆ. ಕಲ್ಲು ನುಣುಪಾಗುತ್ತ ಬಂದರೆ ಹಿಟ್ಟು ಬಿಸಿಯಾಗುತ್ತದೆ. ಬಿಸಿ ಹಿಟ್ಟಿಗೆ ರುಚಿಯಿಲ್ಲ, ಮುದ್ದೆ ಬಿರಿಯುತ್ತದೆ. ಆಗ ಕಲ್ಲನ್ನು ಬಿಚ್ಚಿ, ಕಲ್ಲು ಕುಟ್ಟುವವನನ್ನು ಕರೆಸಿ, ಉಳಿಯಿಂದ ಮತ್ತೆ ಒರಟು ಮಾಡಿಸಬೇಕು. ಆ ಮನೆಯಲ್ಲಿ ಅದಕ್ಕೊಂದು ಪದ್ಧತಿಯಿತ್ತು. ಕಲ್ಲು ಬಿಚ್ಚುವುದು ಅಮಾವಾಸ್ಯೆಯಂದೇ. ಅವತ್ತು ಮಿಲ್ಲಿಗೆ ರಜೆ. ಅಕ್ಕನ ಯಜಮಾನರು ಬಾಗಿಲು ಅರ್ಧ ಎಳೆದುಕೊಂಡು ಒಬ್ಬರೇ ಒಳಗೆ ಕೆಲಸ ಮಾಡುತ್ತಿದ್ದರು, ಅಕ್ಕ ಬನಶಂಕರಿ ಗುಡಿಗೆ ಹೋಗಿಬರುತ್ತಿದ್ದರು. ಅವರು ವಾಪಸು ಬರುವ ಹೊತ್ತಿಗೆ ಕಲ್ಲಿಗೆ ಕುಂಕುಮ ಇಡುವ ಕೆಲಸವೊಂದು ಬಾಕಿ ಇರುತ್ತಿತ್ತು. ಹಾಗಾಗಿ ಇಷ್ಟು ವರ್ಷ ಮಿಲ್ಲಿನಲ್ಲೇ ಬದುಕಿದರೂ ಕಲ್ಲು ಬಿಚ್ಚುವುದನ್ನು ಅವರು ಒಂದು ದಿನವೂ ಕಂಡಿರಲಿಲ್ಲ.

ನನ್ನ ಪಾಡೂ ಆ ಕಲ್ಲಿಗೆ ಕಟ್ಟಿಕೊಂಡಿತ್ತು. ನಮ್ಮ ಮನೆಯವರಿಗೆ ಸ್ಟ್ರೋಕ್ ಆಗಿ ಬಲಭಾಗ ಸ್ವಾಧೀನ ತಪ್ಪಿದ ಮೇಲೆ ನಾನು ರಾಗಿ ಮೊಳಕೆ ಕಟ್ಟಿ, ಹುರಿದು, ಹಿಟ್ಟು ಮಾಡಿಸಿ ಮಕ್ಕಳಿರುವ ಮನೆಗಳಿಗೆ ಕೊಡಲು ಶುರು ಮಾಡಿದ್ದೆ. ಜಯನಗರ, ಜೆ.ಪಿ. ನಗರದವರೆಗೂ ಗಿರಾಕಿಗಳಾದರು. ಶುರುವಿನಲ್ಲಿ ಇದೆಲ್ಲ ನನ್ನಿಂದಾಗದು ಎಂದು ಅವರ ಕಟ್ಟೆಯ ಮೇಲೆ ಕೂತು ಅತ್ತಿದ್ದೆ. ಅಕ್ಕ ಸಮಾಧಾನ ಹೇಳಲಿಲ್ಲ. ರಾಗಿ ತಂದುಕೊಡು, ಮಿಕ್ಕಿದ್ದು ಆಮೇಲೆ ನೋಡೋಣ ಎಂದರು, ಅಷ್ಟೆ. ಹಸುಗೂಸುಗಳ ಹಿಟ್ಟು ಎಂದು ನನ್ನ ರಾಗಿಯನ್ನು ದಿನದ ಮೊದಲಿಗೆ, ಕಲ್ಲು ತಣ್ಣಗಿರುವಾಗಲೇ ಬೀಸಿಕೊಡುತ್ತಿದ್ದರು.

ಹೀಗಿರುವಾಗ ಅಕ್ಕನ ಯಜಮಾನರು ಎದೆನೋವೆಂದು ಆಸ್ಪತ್ರೆಗೆ ಹೋದವರು ಹಿಂದಿರುಗಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಅಕ್ಕ ಮಿಲ್ಲಿನ ಬಾಗಿಲು ತೆಗೆದರು. ಅಳಲಿಲ್ಲ, ಅಳುವವರ ಜೊತೆ ಕೂರಲೂ ಇಲ್ಲ. ಆದರೆ ಕಲ್ಲು ಆಗಲೇ ಸವೆದಿತ್ತು. ಹಿಟ್ಟು ದಿನದಿನಕ್ಕೆ ಬಿಸಿಯಾಗುತ್ತ ಬಂತು. ಜನ ಒಬ್ಬೊಬ್ಬರಾಗಿ ಬೇರೆ ಮಿಲ್ಲಿನ ಹಾದಿ ಹಿಡಿದರು.

ಕಟ್ಟಡ ಅವರ ಮೈದುನನದು. ಕೆಟ್ಟ ಮನುಷ್ಯನಲ್ಲ, ಅತ್ತಿಗೆ ಎಂದರೆ ಗೌರವವೂ ಇತ್ತು. ಆದರೆ ಮಿಲ್ಲಿನ ಸದ್ದಿಗೆ ಮೇಲಿನ ಮನೆಗಳಲ್ಲಿ ಬಾಡಿಗೆದಾರರು ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ನಾನು ಡಬ್ಬ ಹಿಡಿದು ನಿಂತಿದ್ದಾಗಲೇ ಆತ ಬಂದು, "ಅತ್ತಿಗೆ, ಅಣ್ಣ ಇದ್ದಾಗ ಸರಿ. ಇನ್ಮೇಲೆ ಕಲ್ಲು ಬಿಚ್ಚೋಕೆ ಪ್ರತಿ ಸಲ ಯಾರನ್ನ ಹುಡುಕ್ತೀರಾ? ನಿಮ್ ಕೈಲಿ ಆಗುತ್ತಾ ಇದು?" ಎಂದ.

ಅಕ್ಕ ಹಿಟ್ಟು ಜಾಡಿಸುತ್ತಲೇ ಹೇಳಿದರು: "ಅಮಾವಾಸ್ಯೆಗೆ ಬಿಚ್ತೀನಿ. ಆಗ್ಲಿಲ್ಲ ಅಂದ್ರೆ ನೀನೇ ಬೀಗ ಹಾಕ್ಕೊ."

ಆ ಅಮಾವಾಸ್ಯೆ ನಾನು ಹೋಗದೆ ಇರಲಾಗಲಿಲ್ಲ. ಅರ್ಧ ಎಳೆದ ಬಾಗಿಲೊಳಗೆ ಬಗ್ಗಿ ಹೋದರೆ, ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಚ್ಚಳ ತೆಗೆದಿಟ್ಟಿದ್ದರು. ಎರಡು ಕಲ್ಲು, ಒಂದು ಅಲ್ಲಾಡದೆ ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ. ತಿರುಗುವ ಕಲ್ಲನ್ನು ಹಿಡಿದಿರುವುದು ನಟ್ಟನಡುವಿನ ಒಂದು ದೊಡ್ಡ ನಟ್ಟು. ಅದು ಬಿಟ್ಟರೆ ಕಲ್ಲು ಕೈಗೆ ಬರುತ್ತದೆ. ಅದು ಕಚ್ಚಿಕೊಂಡು ಕೂತಿತ್ತು. ಯಜಮಾನರ ಸ್ಪ್ಯಾನರು, ಅದಕ್ಕೆ ಅವರು ತೂರಿಸುತ್ತಿದ್ದ ಮೊಳದುದ್ದದ ಪೈಪು, ಎರಡನ್ನೂ ಹಾಕಿ ಅಕ್ಕ ಬಾಗಿಲ ಕಡೆಗೆ ನಿಂತು ಒತ್ತುತ್ತಿದ್ದರು. ಆಗಾಗ ನಟ್ಟು ಕೂದಲೆಳೆಯಷ್ಟು ಸರಿದಂತಾಗುತ್ತಿತ್ತು. ಸರಿದಷ್ಟೂ ಇನ್ನೂ ಗಟ್ಟಿಯಾಗುತ್ತಿತ್ತು. ಸೀಮೆಎಣ್ಣೆ ಬಿಟ್ಟು ಕಾದರು, ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರು, ಮತ್ತೆ ಒತ್ತಿದರು. ಒಮ್ಮೆ ಸ್ಪ್ಯಾನರು ಜಾರಿ ಮೊಣಕೈ ಕಬ್ಬಿಣಕ್ಕೆ ಬಡಿದು ರಕ್ತ ಬಂತು. ಹಿಟ್ಟನ್ನೇ ಮೆತ್ತಿಕೊಂಡರು.

ನಾನು ಬರಲೇ ಎಂದೆ. ನನ್ನ ತೂಕದ ಬಗ್ಗೆ ಈ ಬೀದಿಯಲ್ಲಿ ಯಾರಿಗೂ ಅನುಮಾನವಿಲ್ಲ. ಅದು ಉಪಯೋಗಕ್ಕೆ ಬರುವ ಸಂದರ್ಭ ಇದೊಂದೇ ಎನಿಸಿತ್ತು. ಅಕ್ಕ ತಲೆಯಾಡಿಸಿದರು.

"ಬೇಡ ಕಣಮ್ಮ. ಮುಂದಿನ ಸಲ ನೀನು ಊರಲ್ಲಿ ಇಲ್ದೇ ಹೋದ್ರೆ?"

ಮಧ್ಯಾಹ್ನ ಇಳಿಯುತ್ತ ಬಂತು. ಮೈದುನ ಒಮ್ಮೆ ಬಂದು ಇಣುಕಿ ಹೋದ. ಅಕ್ಕ ನೀರು ಕುಡಿಯಲೆಂದು ಕಲ್ಲಿನ ಆಚೆ, ಕಿಟಕಿಯ ಕಡೆಗೆ ಹೋದರು. ಲೋಟ ಬಾಯಿಗಿಟ್ಟವರು ಹಾಗೆಯೇ ನಿಂತುಬಿಟ್ಟರು. ಕಿಟಕಿಯ ಪಕ್ಕದ ಗೋಡೆಯ ಮೇಲೆ, ಎದೆಮಟ್ಟಕ್ಕೆ, ಎಣ್ಣೆ ಜಿಡ್ಡಿನ ಒಂದು ಅಂಗೈ ಗುರುತಿತ್ತು. ಒಂದು ದಿನದ್ದಲ್ಲ. ಅದೇ ಜಾಗದಲ್ಲಿ ಅದೇ ಕೈ ಎಷ್ಟೋ ವರ್ಷ ಊರಿ ಊರಿ ಸುಣ್ಣದೊಳಕ್ಕೆ ಇಳಿದ ಗುರುತು. ಅಕ್ಕ ಅದನ್ನು ಗೋಡೆಯ ಕೊಳೆಯೆಂದು ಎಷ್ಟು ಸಲ ಒರೆಸಲು ಹೋಗಿದ್ದರೋ. ಅದು ಹೋಗಿರಲಿಲ್ಲ.

ಅವರು ಲೋಟ ಕೆಳಗಿಟ್ಟು ತಮ್ಮ ಕೈಯನ್ನು ಅದರ ಮೇಲಿಟ್ಟರು. ಅವರ ಕೈ ಚಿಕ್ಕದು. ಸುತ್ತಲೂ ಯಜಮಾನರ ಕೈ ಕಾಣುತ್ತಿತ್ತು. ಯಜಮಾನರು ಒಂದು ಕೈಯನ್ನು ಅಲ್ಲಿ ಊರಿ, ಇನ್ನೊಂದರಿಂದ ಪೈಪು ಒತ್ತುತ್ತಿದ್ದರು. ಹಾಗೆಂದರೆ ಅವರು ನಿಲ್ಲುತ್ತಿದ್ದದ್ದು ಬಾಗಿಲ ಕಡೆಗಲ್ಲ, ಕಿಟಕಿಯ ಕಡೆಗೆ. ಆ ಕಡೆಯಿಂದ ಪೈಪನ್ನು ಕೆಳಕ್ಕೆ ಒತ್ತಿದರೆ ನಟ್ಟು ಎದುರು ದಿಕ್ಕಿಗೆ ತಿರುಗುತ್ತದೆ. ಆ ನಟ್ಟು ಬಿಚ್ಚುವುದು ಉಳಿದೆಲ್ಲ ನಟ್ಟುಗಳಂತೆ ಅಲ್ಲ, ತಿರುವುಮುರುವು. ಕಲ್ಲು ತಿರುಗುವ ರಭಸಕ್ಕೆ ತಾನಾಗಿ ಸಡಿಲವಾಗಬಾರದೆಂದು ಅದನ್ನು ಹಾಗೆ ಮಾಡಿರುತ್ತಾರಂತೆ. ನಮಗೆ ಆಮೇಲೆ ತಿಳಿದದ್ದು.

"ಇಷ್ಟೊತ್ತೂ ಬಿಚ್ತಿದೀನಿ ಅಂದ್ಕೊಂಡು ಬಿಗೀತಾ ಇದ್ದೆ ಕಣಮ್ಮ," ಎಂದರು. ಮುಖ ಗೋಡೆಯ ಕಡೆಗೇ ಇತ್ತು. ಆ ಮನೆಯಲ್ಲಿ ಸಾವಾದ ಮೇಲೆ ಅವರ ದನಿ ನಡುಗಿದ್ದನ್ನು ನಾನು ಕೇಳಿದ್ದು ಆಗಲೇ. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತ ಕಣ್ಣೊರೆಸಿಕೊಂಡೆವು.

ದಾರಿ ತಿಳಿದರೂ ಕೆಲಸ ಮುಗಿದಿರಲಿಲ್ಲ. ಬೆಳಗಿನಿಂದ ನಾವೇ ಬಿಗಿದು ಬಿಗಿದು ಅದನ್ನು ಕಲ್ಲಿಗಿಂತ ಕಲ್ಲು ಮಾಡಿಟ್ಟಿದ್ದೆವು. ಈಗ ಮೊಳದುದ್ದದ ಪೈಪು ಸಾಲಲಿಲ್ಲ. ನಾನು ಮತ್ತೆ ನನ್ನ ಮೈಭಾರವನ್ನು ಮುಂದಿಟ್ಟೆ. ಅಕ್ಕ ಕೇಳಿಸಿಕೊಳ್ಳದೆ ಹಿತ್ತಲಿಗೆ ಹೋದರು. ಅಲ್ಲಿ ಬತ್ತಿಹೋದ ಬೋರಿನಿಂದ ಎತ್ತಿಹಾಕಿದ್ದ ಪೈಪುಗಳಿದ್ದವು. ಅದರಲ್ಲಿ ತಮ್ಮ ಹೆಗಲೆತ್ತರದ ಒಂದು ತುಂಡನ್ನು ಎಳೆದು ತಂದು, ತುಕ್ಕು ಕೆರೆದು ಸ್ಪ್ಯಾನರಿಗೆ ತೂರಿಸಿದರು. ಒಂದು ಕೈ ಗೋಡೆಯ ಗುರುತಿನ ಮೇಲೆ ಇಟ್ಟರು. ಜಗ್ಗಲಿಲ್ಲ, ಕುಲುಕಲಿಲ್ಲ, ಮೆಲ್ಲಗೆ ಒರಗಿದರು. ಎಡಗಾಲು ನೆಲ ಬಿಟ್ಟಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಣ ಸೌದೆ ಸೀಳಿದಂಥ ಸದ್ದಾಯಿತು, ಪೈಪು ಕೆಳಕ್ಕಿಳಿಯಿತು.

ಅಕ್ಕ ನೆಲದ ಮೇಲೆ ಕುಳಿತು ಮೈದುನನನ್ನು ಕೂಗಿದರು. ಆತ ಬಂದು ಕೈಯಿಂದಲೇ ನಟ್ಟನ್ನು ತಿರುಗಿಸಿ ನೋಡಿದ. ಹೋಗಿ ಕಲ್ಲು ಕುಟ್ಟುವವನನ್ನು ತಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದ. ಬೀಗದ ಮಾತು ಅಲ್ಲಿಗೆ ನಿಂತಿತು.

ಅಂದಿನಿಂದ ಆ ಪೈಪು ಮಿಲ್ಲಿನ ಬಾಗಿಲ ಹಿಂದೆ ನಿಂತಿತು. ಚಕ್ರದ ನಟ್ಟು ಬಿಚ್ಚಲಾಗದ ಆಟೋದವರು, ನೀರಿನ ಟ್ಯಾಂಕರಿನವರು ಬಂದು ಕೇಳಿದರೆ ಅಕ್ಕ ಕೊಡುತ್ತಿದ್ದರು, ಆದರೆ ಪೈಪಿನ ಹಿಂದೆಯೇ ತಾವೂ ಹೋಗುತ್ತಿದ್ದರು. ಯಾರಾದರೂ ಪೈಪಿನ ಮೇಲೆ ಹತ್ತಿ ಕುಣಿಯಲು ಹೊರಟರೆ ಸಿಡುಕುತ್ತಿದ್ದರು. "ಶಕ್ತಿ ಹಾಕ್ಬೇಡ, ತೂಕ ಬಿಡು," ಎನ್ನುವುದು ಅವರ ಮಾತು. ಮೊದಲು ಯಾವ ಕಡೆಗೆ ತಿರುಗುತ್ತದೆ ನೋಡಿಕೋ, ಆಮೇಲೆ ಮೈ ಒರಗಿಸು ಎಂದೂ ಹೇಳುತ್ತಿದ್ದರು. ಆಟೋದವರು ನಗುತ್ತಿದ್ದರು, ಆದರೆ ಮಾಡುತ್ತಿದ್ದುದು ಅವರು ಹೇಳಿದಂತೆಯೇ. ಆ ಮಾತನ್ನು ನಾನು ಮನೆಗೂ ತಂದೆ. ನಮ್ಮ ಮನೆಯವರನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸುವಾಗ ಜಗ್ಗುವುದನ್ನು ಬಿಟ್ಟೆ. ನಮ್ಮಿಬ್ಬರಿಗೂ ನೋವು ಕಡಿಮೆಯಾಯಿತು.

ಅಮಾವಾಸ್ಯೆಗಳಲ್ಲಿ ನನಗೂ ಅಲ್ಲಿ ಕೆಲಸವಿರುತ್ತಿತ್ತು. ಕಲ್ಲು ಇಳಿಸುವಾಗ ಒಂದು ಕಡೆ ಹಿಡಿಯುವುದು, ಬ್ರಷ್ಷಿನಿಂದ ಮೂಲೆಯ ಹಿಟ್ಟು ತೆಗೆಯುವುದು. ಪೈಪನ್ನು ಮಾತ್ರ ಅಕ್ಕ ಕೊಡುತ್ತಿರಲಿಲ್ಲ. ಕೊಡುವುದಕ್ಕೆ ಶುರು ಮಾಡಿದ್ದು ಅವರಿಗೆ ಕೆಮ್ಮು ಹೆಚ್ಚಿದ ಮೇಲೆ. ಇಷ್ಟು ವರ್ಷ ಉಸಿರಾಡಿದ ಹಿಟ್ಟು ಎದೆಯಲ್ಲಿ ಕೂತಿದೆ, ಮಿಲ್ಲಿನಿಂದ ದೂರವಿರಬೇಕು ಎಂದರು ಡಾಕ್ಟರು. ಅಕ್ಕ ಒದ್ದೆ ಟವೆಲ್ಲು ಮುಖಕ್ಕೆ ಕಟ್ಟಿಕೊಂಡು ದಿನಾ ಬಂದರು. ಕಡೆಗೆ ನಿಲ್ಲಲೂ ಆಗದಾದಾಗ ಸ್ಟೂಲಿನ ಮೇಲೆ ಕೂತು, ಕಿಟಕಿಯ ಕಡೆ ನಿಲ್ಲುವಂತೆ ನನಗೆ ಕೈ ತೋರಿಸಿದರು.

ಹಾಸಿಗೆ ಹಿಡಿದಾಗ ಅವರಿಗೆ ಇದ್ದದ್ದು ಒಂದೇ ಚಿಂತೆ. ಮಕ್ಕಳಿರಲಿಲ್ಲ, ಮಿಲ್ಲು ಮುಂದೆ ನಡೆಸುವವರಿಲ್ಲ. ಅದು ಗೊತ್ತಿತ್ತು, ಒಪ್ಪಿಕೊಂಡೂ ಇದ್ದರು. "ಗುಜರಿಗೆ ಹಾಕೋದು ಬೇಡ. ಎಲ್ಲಾದ್ರೂ ತಿರುಗ್ತಾ ಇರ್ಲಿ," ಎಂದು ಮೈದುನನಿಗೆ ಹೇಳಿದರು, ನನಗೂ ಹೇಳಿದರು. ಆತ ಮಾತು ಕೊಟ್ಟ. ಆ ವಾರವೇ ಅಕ್ಕ ಹೋಗಿಬಿಟ್ಟರು.

ಆತ ಮಾತು ಉಳಿಸಿಕೊಂಡ ಎಂದು ಇಲ್ಲಿ ಹೇಳಲೇಬೇಕು. ಕನಕಪುರ ರಸ್ತೆಯ ಆಚೆ ಹೊಸದಾಗಿ ಮಿಲ್ಲು ಹಾಕುತ್ತಿದ್ದ ಒಂದು ಮನೆಯವರನ್ನು ಹುಡುಕಿ ಒಪ್ಪಿಸಿದ. ಸಾಗಿಸುವ ದಿನ ನನಗೆ ಆತನ ಫೋನು ಬಂತು: "ಅಕ್ಕ, ನಟ್ಟು ಬರ್ತಿಲ್ಲ. ಗ್ಯಾಸ್ ಕಟ್ಟರ್ ತರ್ತೀವಿ ಅಂತಿದಾರೆ. ಒಂಚೂರು ಬರ್ತೀರಾ?" ಸುಟ್ಟು ಕತ್ತರಿಸಿದರೆ ಕಲ್ಲನ್ನು ತಿರುಗಿಸುವ ನಡುವಿನ ದಂಡ ಹೋಯಿತು, ಆಮೇಲೆ ಅದು ಗುಜರಿಯೇ. ನಾನು ಒಲೆ ಆರಿಸಿ ಓಡಿದೆ.

ಲಾರಿಯವರು ಬಾಗಿಲ ಕಡೆಗೆ ನಿಂತು, ಇಬ್ಬರು ಸೇರಿ ಪೈಪನ್ನು ಒತ್ತುತ್ತಿದ್ದರು. ನಿಲ್ಲಿಸಿ ಎಂದೆ. ಪೈಪನ್ನು ತೆಗೆದುಕೊಂಡು ಕಿಟಕಿಯ ಕಡೆಗೆ ಹೋದೆ. ಗೋಡೆಯ ಮೇಲಿನ ದೊಡ್ಡ ಅಂಗೈ ಗುರುತಿನೊಳಗೆ ಈಗ ಇನ್ನೊಂದು ಚಿಕ್ಕ ಗುರುತಿತ್ತು, ಅದಕ್ಕಿಂತ ಕಪ್ಪಾಗಿ. ಅದರ ಮೇಲೆ ಕೈಯಿಟ್ಟು ಒರಗಿದೆ. ಮೊದಲ ಸಲ ಆಗಲಿಲ್ಲ. ಸೀಮೆಎಣ್ಣೆ ಬಿಟ್ಟು ಕಾದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮತ್ತೆ ಒರಗಿದಾಗ ಅದೇ ಸದ್ದು ಬಂತು. ಮೈದುನ ಮುಖ ತಿರುಗಿಸಿಕೊಂಡು ಹೊರಗೆ ಹೋದ. ಕಲ್ಲು ಇಡಿಯಾಗಿ ಲಾರಿ ಹತ್ತಿತು. ಪೈಪನ್ನು ಆತ ನನ್ನ ಮನೆಗೇ ತಂದಿಟ್ಟ.

ಆ ಜಾಗದಲ್ಲಿ ಈಗ ಮೊಬೈಲು ಅಂಗಡಿಯಿದೆ, ಗೋಡೆಗೆ ಹೊಳೆಯುವ ಬಣ್ಣ ಬಳಿದಿದ್ದಾರೆ. ನಾನು ರಾಗಿ ಚೀಲ ಹೊತ್ತು ಮೆಟ್ರೋದಲ್ಲಿ ಕನಕಪುರ ರಸ್ತೆಗೆ ಹೋಗಿ, ಅಲ್ಲಿಂದ ಆಟೋ ಹಿಡಿಯುತ್ತೇನೆ. ದೂರ, ಖರ್ಚು, ಮನೆಯಲ್ಲಿ ಗೊಣಗಾಟ, ಎಲ್ಲ ಇದೆ. ಆದರೆ ಹಿಟ್ಟು ಬೀಳುವಾಗ ಮಣಿಕಟ್ಟು ಹಿಡಿದರೆ ತಣ್ಣಗಿರುತ್ತದೆ.

ಅಲ್ಲಿ ಮೊದಲ ಸಲ ಕಲ್ಲು ಬಿಚ್ಚುವ ಅಮಾವಾಸ್ಯೆಗೆ ಪೈಪನ್ನು ತೆಗೆದುಕೊಂಡು ಹೋಗಿದ್ದೆ. ಮಿಲ್ಲು ನೋಡಿಕೊಳ್ಳುವುದು ಆ ಮನೆಯ ಸೊಸೆ. ಯಾವ ಕಡೆ ನಿಲ್ಲಬೇಕು ಆಂಟಿ ಎಂದಳು. ತೋರಿಸಿದೆ. ಅವಳು ಒರಗಿ ಒತ್ತಿದಳು. ನಟ್ಟು ಬಿಟ್ಟ ಮೇಲೆ ಅದನ್ನು ತೆಗೆದಿಟ್ಟ ನನ್ನ ಕೈಗೆ ಜಿಡ್ಡು ಮೆತ್ತಿತ್ತು. ಹೊಸದಾಗಿ ಸುಣ್ಣ ಹೊಡೆದ ಗೋಡೆ, ಒಂದು ಕಲೆಯೂ ಇಲ್ಲ. ಅವಳು ನಿಂತಿದ್ದ ಜಾಗದಲ್ಲಿ, ಎದೆಮಟ್ಟಕ್ಕೆ, ಅಂಗೈ ಒತ್ತಿದೆ. ಅವಳ ಮಾವ, ಅಯ್ಯೋ ಗೋಡೆ ಕೊಳೆಯಾಯಿತಲ್ಲ ಎಂದು ಬಟ್ಟೆ ಹುಡುಕಿದರು.

ಒರೆಸಬೇಡಿ, ಮುಂದೆ ಬೇಕಾಗುತ್ತದೆ ಎಂದೆ.